ಎಲ್‌ವೈ ಮಾವ

ನನ್ನ ಸೋದರತ್ತೆಯ ಗಂಡನಿಗೆ ಹುಲಿಯ ಭಯವಿರಲಿಲ್ಲ, ಅತ್ತೆಯ ಭಯವಂತೂ ಮೊದಲೇ ಇಲ್ಲ. ಅವನ ಭಯವೆಲ್ಲ ಒಂದೇ: ಇಂಗ್ಲಿಷ್ ಪದದ ಕೊನೆಗೆ ‘ಎಲ್‌ವೈ’ ಸೇರಿಸಬೇಕೋ ಬೇಡವೋ!

ರಿಪ್ಪನ್‌ಪೇಟೆಯಲ್ಲಿ ಬಸ್ ಏಜೆಂಟನಾಗಿದ್ದ ಮಾವ ಊರವರಿಗೆಲ್ಲ ಇಂಗ್ಲಿಷ್ ಅರ್ಜಿ ಬರೆದುಕೊಡುತ್ತಿದ್ದ. ಒಮ್ಮೆ ಹುಂಚದವರು ತಮ್ಮೂರ ಬಸ್ಸು ತಡವಾಗಿ ಬರುತ್ತದೆಂದು ದೂರು ಬರೆಸಲು ಬಂದರು. ‘ಲೇಟ್’ ಸರಿಯೋ ‘ಲೇಟ್ಲಿ’ ಸರಿಯೋ ಎಂದು ಮಾವ ಮೂರು ವಾರ ಯೋಚಿಸಿದ. ಅರ್ಜಿ ಹೊರಡುವಷ್ಟರಲ್ಲಿ ಮಳೆಗಾಲ ಹಿಡಿದು ಆ ಬಸ್ಸೇ ನಿಂತುಹೋಗಿತ್ತು.

ಅರವತ್ತರ ದಶಕದ ಮಾತು. ನಾನು ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೆಯದೇ ಕಡೆಯದು, ಆಮೇಲೆ ಓದಿನ ಮಾತೆತ್ತಬೇಡ ಎಂದು ಅಪ್ಪ ಹೇಳಿಬಿಟ್ಟರು. ನನಗೋ ಟೀಚರ್ ಆಗುವ ಆಸೆ. ಹಾಗಾಗಿ ಮಾವನ ಕೈಗೆ ಬಿದ್ದೆ.

ಅವನ ಪಾಠವೋ, ದೇವರಿಗೇ ಪ್ರೀತಿ! ಎಲ್ಲವನ್ನೂ ಮಾಡಿ ತೋರಿಸಬೇಕು. ಕೆಲಸ ಹೇಗೆ ನಡೆಯಿತೆಂದು ಹೇಳುವ ಪದವಾದರೆ ಕಾಲು ಆಡಬೇಕು, ಎಲ್‌ವೈ ಸೇರಿಸಬೇಕು. ಆಸಾಮಿ ಹೇಗಿದ್ದಾನೆಂದು ಹೇಳುವುದಾದರೆ ಕಾಲು ಕದಲಬಾರದು, ಎಲ್‌ವೈ ಬೇಡ. ನಿಧಾನವಾಗಿ ನಡೆಯುವುದನ್ನು ಬಸ್‌ಸ್ಟ್ಯಾಂಡಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ವರದಹಳ್ಳಿಗೆ ಹೊರಟಿದ್ದ ಅಜ್ಜಿಯೊಬ್ಬರು ನನ್ನ ಕಾಲಿಗೆ ಏನೋ ಆಗಿದೆಯೆಂದು ಮರುಗಿ, ವಾಸಿಯಾಗಲೆಂದು ಅಲ್ಲಿಯ ಸ್ವಾಮಿಗಳ ಆಶ್ರಮಕ್ಕೆ ಕರೆದೊಯ್ಯಲು ಹೊರಟೇಬಿಟ್ಟರು!

ಸಾಗರದ ಪರೀಕ್ಷೆಯ ಕೋಣೆಯಲ್ಲೂ ಬೆಂಚಿನ ಕೆಳಗೆ ನನ್ನ ಕಾಲು ಆಡುತ್ತಲೇ ಇತ್ತು. ಮೇಲ್ವಿಚಾರಕಿ ಹತ್ತಿರ ಬಂದು ಮೆಲ್ಲಗೆ, “ಎಂತಮ್ಮ, ಹೊರಗೆ ಹೋಗ್ಬೇಕಾ?” ಎಂದರು. ಮಾನ ಹೋದರೂ ಮಾರ್ಕು ಬಿಡುವುದುಂಟೇ? ಬೇಡವೆಂದು ತಲೆಯಾಡಿಸಿ ಬರೆದೆ.

ಫಲಿತಾಂಶದ ದಿನ ಮಧ್ಯಾಹ್ನದ ಬಸ್ಸಿಗೆ ಪೇಪರ್ ತರುತ್ತೇನೆಂದಿದ್ದ ಮಾವ ಸಂಜೆಯಾದರೂ ಪತ್ತೆಯಿಲ್ಲ. ನಾನು ಫೇಲೆಂದೇ ತಿಳಿದು ಅಳಲು ಶುರುಮಾಡಿದ್ದೆ. ಕತ್ತಲಾಗುವ ಹೊತ್ತಿಗೆ ಬಂದವನು ಪೇಪರನ್ನು ಅಪ್ಪನ ಮುಂದಿಟ್ಟ. ನನ್ನ ನಂಬರು ಇತ್ತು! ಅಬ್ಬಾ, ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಮಾವ ಬಸ್‌ಸ್ಟ್ಯಾಂಡಿನಲ್ಲಿ ಮೂರು ಬಸ್ಸಿನ ಜನರಿಗೆಲ್ಲ ಆ ನಂಬರು ತೋರಿಸಿ, ಇದೆಯೇ ನೋಡಿ ಎಂದು ಕೇಳುತ್ತ ಕೂತಿದ್ದನಂತೆ. ಒಂದು ನಂಬರು ನೋಡಲು ಇಷ್ಟು ಹೊತ್ತು ಬೇಕೇ ಎಂದು ಅತ್ತೆ ರೇಗಿದಳು.

ಮಾವ ನೆಲ ನೋಡುತ್ತ ಹೇಳಿದ: “ಆನೂ ಮೂರು ಸಲ ಪರೀಕ್ಷೆಗೆ ಕೂತಿದ್ದಿ. ಒಂದು ಸಲವೂ ಎನ್ನ ನಂಬರು ಬಂಜಿಲ್ಲೆ. ಎನ್ನ ಕಣ್ಣ ಮೇಲೆ ಎಂಗೇ ನಂಬಿಕೆ ಇಲ್ಲೆ.”

ಮೂರು ಸಲವೂ ಫೇಲಾದ ಇವನಿಗೆ, ಎಸ್ಸೆಸ್ಸೆಲ್ಸಿ ಪಾಸಾದ ಗಂಡೆಂದು ನಂಬಿ ನಮ್ಮ ಮನೆಯವರು ಅತ್ತೆಯನ್ನು ಕೊಟ್ಟಿದ್ದರು. ಅಪ್ಪ ಪೇಪರನ್ನು ಮೆಲ್ಲಗೆ ಅವನ ಕೈಗೇ ಕೊಟ್ಟರು.

“ಕೂತ್ಕ ಭಾವ. ಇನ್ನೊಂದು ಸಲ ಓದು.”

ಮಾವ ಓದಿದ. ತನ್ನದೇ ನಂಬರು ಎಂಬಂತೆ, ಒಂದೊಂದೇ ಅಂಕಿಯನ್ನು ಬಿಡಿಸಿ ಓದಿದ. ಅಷ್ಟು ಹೊತ್ತು ಫೇಲೆಂದು ಅತ್ತಿದ್ದ ನಾನು ಈಗ ಅವನಿಗಾಗಿ ಅತ್ತುಬಿಟ್ಟೆ.