ಶವಾಸನ ಬಳಗದ ಕನಸುಗಳು

ಬೇರೆಯವರ ವಾಟ್ಸಾಪ್ ಗ್ರೂಪುಗಳಲ್ಲಿ ಬೆಳಗಾದರೆ ಗುಲಾಬಿ ಹೂವು ಬರುತ್ತದೆ. ನಮ್ಮ ಗ್ರೂಪಿನಲ್ಲಿ ಜಗಳ ಬರುತ್ತದೆ. ಅದೂ ಎಚ್ಚರಿದ್ದಾಗ ನಡೆದದ್ದಕ್ಕಲ್ಲ, ನಿದ್ದೆಯಲ್ಲಿ ನಡೆದದ್ದಕ್ಕೆ. ಸಿಂಧನೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಶಟರ್ ಎತ್ತಿ, ಕಸ ಹೊಡೆದು, ಚಹಾ ತರಿಸಿಕೊಂಡು ಫೋನ್ ತೆಗೆದರೆ ಸಾಕು, ಯಾರೋ ಯಾರದೋ ಕನಸಿಗೆ ಹೋಗಿ ಏನೋ ಮಾಡಿ ಬಂದಿರುತ್ತಾರೆ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು "ಯಾಕ್ರೀ ಅಕ್ಕಾರ, ಒಬ್ಬರ ನಗಾಕತ್ತೀರಿ?" ಎಂದು ಕೇಳುತ್ತಾರೆ. ಏನಂತ ಹೇಳಲಿ? "ನೀವು ನಗಬ್ಯಾಡ್ರಿ, ಫೋಟೋ ಕೆಡತೈತಿ" ಎಂದು ಅವರಿಗೇ ಗದರುತ್ತೇನೆ.

ಉಳಿದದ್ದು ಒಂದೇ ಆಸನ

ಈ ಗ್ರೂಪು ಹುಟ್ಟಿದ್ದು ಯೋಗ ಶಿಬಿರದಲ್ಲಿ. ನಮ್ಮೂರಿನ ಕಲ್ಯಾಣ ಮಂಟಪವೊಂದರಲ್ಲಿ ಬೆಳಗಿನ ಹೊತ್ತು ಶಿಬಿರ ನಡೆಯುತ್ತಿತ್ತು. ಮಸ್ಕಿಯಿಂದ, ಲಿಂಗಸುಗೂರಿನಿಂದಲೂ ಜನ ಮೊದಲ ಬಸ್ಸು ಹಿಡಿದು ಬರುತ್ತಿದ್ದರು. ನಾಳೆ ಚಾಪೆ ತನ್ನಿ, ಬರಿಹೊಟ್ಟೆಯಲ್ಲಿ ಬನ್ನಿ ಎಂದು ತಿಳಿಸಲು ಯೋಗ ಗುರುಗಳು ಗ್ರೂಪು ಮಾಡಿದರು. ಗುರುಗಳಿಗೆ ನಮ್ಮ ಮೇಲೆ ಬಹಳ ಆಸೆ ಇತ್ತು. ನಮಗೆ ಕೊನೆಯ ಶವಾಸನದ ಮೇಲೆ ಮಾತ್ರ ಆಸೆ. ನಸುಕಿನಲ್ಲಿ ಎದ್ದು ಬಂದ ಮೈ, ಮೇಲೆ ತಣ್ಣನೆ ಫ್ಯಾನ್ ಗಾಳಿ, ಕಿಟಕಿಯಾಚೆ ಭತ್ತದ ಗದ್ದೆಗಳ ಮೇಲೆ ಮಂಜು. ಗುರುಗಳು ಸಣ್ಣ ದನಿಯಲ್ಲಿ "ಕಾಲು ಹಗುರ, ಕೈ ಹಗುರ..." ಎನ್ನುವಷ್ಟರಲ್ಲಿ ಮಂಟಪಕ್ಕೆ ಮಂಟಪವೇ ಗೊರಕೆ ಹೊಡೆಯುತ್ತಿತ್ತು. ಎದ್ದ ಮೇಲೆ ಒಬ್ಬೊಬ್ಬರೂ "ನನಗ ಎಂಥಾ ಕನಸು ಬಿತ್ತು ಗೊತ್ತೇನ್ರಿ?" ಎಂದು ಶುರು ಮಾಡುತ್ತಿದ್ದರು.

ಶಿಬಿರ ಮುಗಿದ ಸ್ವಲ್ಪ ದಿನಕ್ಕೆ ಗುರುಗಳು ಗ್ರೂಪಿನಲ್ಲಿ, "ಯಾರು ಯಾವ ಆಸನ ಮುಂದುವರಿಸಿದ್ದೀರಿ?" ಎಂದು ಕೇಳಿದರು. ನಾವೆಲ್ಲ ಸತ್ಯವಂತರು. "ಶವಾಸನ" ಎಂದು ಒಬ್ಬರು ಬರೆದರು. "ಶವಾಸನ ರೀ" ಎಂದು ಇನ್ನೊಬ್ಬರು. "ನಂದೂ ಅದ" ಎಂದು ಉಳಿದವರು. ಆ ಸಂಜೆಯೇ ಗುರುಗಳು ಗ್ರೂಪು ಬಿಟ್ಟರು. ಬಿಡುವ ಮೊದಲು ನನ್ನನ್ನು ಅಡ್ಮಿನ್ ಮಾಡಿದ್ದರು. ಇಷ್ಟು ಜನರಲ್ಲಿ ನಾನೇ ಯಾಕೆ ಎಂದು ಫೋನ್ ಮಾಡಿ ಕೇಳಿದೆ. "ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದವರು ನೀವೇ ಅಲ್ಲವೇನಮ್ಮಾ?" ಎಂದರು.

ಮೋಡದ ಮೇಲಿನ ಬಸ್ಸು

ಲಿಂಗಸುಗೂರಿನ ನಿವೃತ್ತ ಹೆಡ್‌ಮಾಸ್ತರರೊಬ್ಬರು ಬಳಗದಲ್ಲಿದ್ದಾರೆ. ಅವರಿಗೆ ಶಾಲೆ ಬಿಟ್ಟರೂ ನಿಯಮ ಬಿಟ್ಟಿಲ್ಲ. ಕನಸಿಗೂ ಕಾನೂನು ಮಾಡಿದರು. ಕನಸನ್ನು ಚಹಾ ಕುಡಿಯುವ ಮೊದಲೇ ಹೇಳಬೇಕು, ಕುಡಿದ ಮೇಲೆ ಬುದ್ಧಿ ಚುರುಕಾಗಿ ಸುಳ್ಳು ಸೇರುತ್ತದೆ. ಬಳಗದವರು ಯಾರಾದರೂ ಕನಸಿನಲ್ಲಿ ಬಂದಿದ್ದರೆ ಮುಚ್ಚಿಡಬಾರದು. ಬಂದವರು ಅಲ್ಲಿ ಮಾಡಿದ್ದಕ್ಕೆ ಇಲ್ಲಿ ಉತ್ತರ ಕೊಡಬೇಕು. ತಪ್ಪು ಮಾಡಿದ್ದರೆ ಎಲ್ಲರಿಗೂ ಕೇಳುವಂತೆ ವಾಯ್ಸ್ ಮೆಸೇಜಿನಲ್ಲಿ "ತಪ್ಪಾತ್ರಿ" ಎನ್ನಬೇಕು.

ಕಾನೂನಿಗೆ ಮೊದಲು ಸಿಕ್ಕಿಬಿದ್ದವರು ಅವರೇ. ನಮ್ಮ ಬಳಗದಲ್ಲಿ ಸಿಂಧನೂರು-ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಇದ್ದಾನೆ. ಒಂದು ಬೆಳಿಗ್ಗೆ ಅವನು ಬರೆದ: "ಬಸ್ ಮೋಡದ ಮ್ಯಾಲೆ ಹೊಂಟಿತ್ರಿ. ಗುಂಡಿ ಇಲ್ಲ, ಕುಲುಕಿಲ್ಲ. ಕೆಳಗ ಮಸ್ಕಿ ಗುಡ್ಡ ಇಡ್ಲಿ ಇಟ್ಟಂಗ ಕಾಣತಿತ್ತು. ಎಲ್ಲಾರ ಹತ್ರ ಟಿಕೆಟ್ ಇತ್ತು, ಹೆಡ್‌ಮಾಸ್ತರ್ ಹತ್ರ ಇರಲಿಲ್ಲ. ಕೇಳಿದ್ರ ಕಿಡಕ್ಯಾಗಿಂದ ಜಿಗದು ಮೋಡದ ಮ್ಯಾಲೆ ಓಡಿಬಿಟ್ರು."

ಹೆಡ್‌ಮಾಸ್ತರರು ಕೆಂಡವಾದರು. "ನನ್ನ ಜೀವಮಾನದಾಗ ಟಿಕೆಟ್ ಇಲ್ಲದ ಬಸ್ ಹತ್ತಿಲ್ಲ!"

"ಜೀವಮಾನದ ಮಾತು ಬಿಡ್ರಿ ಸರ್. ಇದು ನಿನ್ನೆ ರಾತ್ರಿ ಕೇಸು."

ತಾವೇ ಮಾಡಿದ ಕಾನೂನು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಗಂಟಲು ಸರಿಮಾಡಿಕೊಂಡು "ತಪ್ಪಾತು" ಎಂದರು. ಆ ವಾಯ್ಸ್ ಮೆಸೇಜನ್ನು ಕಂಡಕ್ಟರ್ ಇವತ್ತಿಗೂ ಅಳಿಸಿಲ್ಲ. ಹೆಡ್‌ಮಾಸ್ತರರೂ ಮರೆತಿಲ್ಲ. ಅವನ ಬಸ್ಸು ಹತ್ತಿದರೆ ಇಳಿಯುವ ತನಕ ಟಿಕೆಟನ್ನು ಕೈಯಲ್ಲಿ ಎತ್ತಿ ಹಿಡಿದೇ ಕೂತಿರುತ್ತಾರೆ.

ಗುಡ್ಡಕ್ಕೆ ಸೂಜಿ

ನನಗೆ ಬೀಳುವ ಕನಸುಗಳಿಗೆ ತಲೆಬುಡ ಇರುವುದಿಲ್ಲ, ಆದರೆ ನೋಡಲು ಚೆಂದ ಇರುತ್ತವೆ. ಒಂದು ಸಲ ನಮ್ಮ ಎಡದಂಡೆ ಕಾಲುವೆ ದಂಡೆ ಬಿಟ್ಟು ತಿರುಗಾಡಲು ಹೊರಟಂತೆ ಮಸ್ಕಿ ಬಜಾರಿನೊಳಗೆ ಹರಿದು ಬಂತು. ಯಾರೂ ಗಾಬರಿಯಾಗಲಿಲ್ಲ. ಅಂಗಡಿಯವರು ಕಾಲು ಮೇಲೆತ್ತಿ ಕೂತು ವ್ಯಾಪಾರ ಮಾಡುತ್ತಿದ್ದರು. ನಮ್ಮ ಬಳಗದ, ಮಸ್ಕಿಯ ಟೇಲರ್ ಚಾಚಾ ಮಂಚದ ಮೇಲೆ ಮಷಿನ್ ಇಟ್ಟುಕೊಂಡು, ತೇಲುತ್ತಾ, ನೀರಿಗೆ ಅಂಚು ಹೊಲಿಯುತ್ತಿದ್ದ. ಆಚೆ ಬಳಗದವಳೇ ಆದ ಸಂತೆಕಲ್ಲೂರಿನ ನರ್ಸ್ ಸಿಸ್ಟರ್ ಮಸ್ಕಿ ಗುಡ್ಡದ ಎದುರು ಸಿರಿಂಜ್ ಹಿಡಿದು ನಿಂತು, "ಅಳಬ್ಯಾಡ, ಇರಿವಿ ಕಡದಂಗ ಆಗತೈತಿ" ಎಂದು ಗುಡ್ಡವನ್ನು ಸಮಾಧಾನ ಮಾಡುತ್ತಿದ್ದಳು. ಗುಡ್ಡ ಮುಖ ಆ ಕಡೆ ತಿರುಗಿಸಿತು. ಎಚ್ಚರವಾದಾಗ ನನ್ನ ಕಾಲುಗಳು ತಣ್ಣಗಿದ್ದವು, ಹೊದಿಕೆ ಜಾರಿತ್ತು.

ಗ್ರೂಪಿನಲ್ಲಿ ಬರೆದ ಕೂಡಲೇ ಚಾಚಾ ಉತ್ತರ ಕೊಟ್ಟ. "ನೀರಿಗೆ ಹಾಕೋ ದಾರ ನನ್ನ ಹತ್ರ ಇಲ್ಲ ಬೇಟಿ. ಕಲರ್ ಮ್ಯಾಚ್ ಆಗೂದಿಲ್ಲ."

ಸಿಸ್ಟರ್ ಡ್ಯೂಟಿಯಲ್ಲಿದ್ದಳು, ಮಧ್ಯಾಹ್ನ ಬರೆದಳು. "ಟಿ.ಟಿ. ಕೊಟ್ಟೀನ್ರಿ. ಹುಡುಗ್ರು ಅದರ ಮೈತುಂಬ ಹೆಸರು ಕೆತ್ತ್ಯಾರ. ಗಾಯ ಆಗಿದ್ದುವು."

ಹೆಡ್‌ಮಾಸ್ತರರು ಬಿಡುವವರೇ? "ಅಲ್ಲಿ ಕೆತ್ತಿಸಿದವರಾಗ ಶಾಸನ ಬರೆಸಿದ ಒಬ್ಬ ಚಕ್ರವರ್ತಿನೂ ಅದಾನವ್ವಾ, ಮರೀಬ್ಯಾಡ."

"ಹಂಗಾದ್ರ ಅದು ಬಾಳ ಹಳೇ ಗಾಯ ರೀ. ಡ್ರೆಸಿಂಗ್ ಬ್ಯಾರೆ ಮಾಡಬೇಕು."

ಕನಸು ಬೀಳದ ಕಾಕಾ

ಲಿಂಗಸುಗೂರಿನ ಕಂಪೌಂಡರ್ ಕಾಕಾ, ಅವರ ಹೆಂಡತಿ ಕಾಕು, ಇಬ್ಬರೂ ಶಿಬಿರಕ್ಕೆ ಜೊತೆಯಾಗಿ ಬರುತ್ತಿದ್ದರು. ಕಾಕುವಿಗೆ ಮೊಣಕಾಲು ನೋವು, ಯಾವ ಆಸನವೂ ಆಗುತ್ತಿರಲಿಲ್ಲ. ಖುರ್ಚಿ ಹಾಕಿಕೊಂಡು ನಮ್ಮನ್ನು ನೋಡಿ ನಗುವುದೇ ಆಕೆಯ ಯೋಗ. ನಾವು ಶವಾಸನದಿಂದ ಎದ್ದರೆ ಥರ್ಮಾಸಿನಿಂದ ಶುಂಠಿ ಚಹಾ ಬಗ್ಗಿಸಿ ಕೊಡುತ್ತಿದ್ದಳು. ಹೋದ ವರ್ಷ ಜ್ವರವೆಂದು ಮಲಗಿದ ಕಾಕು ಏಳಲಿಲ್ಲ. ಗ್ರೂಪಿನಲ್ಲಿ ಎಷ್ಟೋ ದಿನ ಯಾರೂ ಕನಸು ಹೇಳಲಿಲ್ಲ. ಬಿದ್ದರೂ ಹೇಳುವ ಮನಸ್ಸಾಗಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಕಾಕಾ ಬರೆದರು. "ನನಗ ಹುಟ್ಟಿದಾಗಿಂದ ಕನಸು ಬಿದ್ದಿಲ್ರಿ. ನಿಮಗೆಲ್ಲಾ ಹ್ಯಾಂಗ ಬೀಳತಾವು, ಹೇಳಿಕೊಡ್ರಿ. ಆಕಿನ್ನ ಒಮ್ಮೆ ನೋಡಬೇಕು."

ನನಗೆ ಅಳು ಬಂತು. ಸ್ಟುಡಿಯೋದಲ್ಲಿ ಗಿರಾಕಿ ಇದ್ದರು, ಕಣ್ಣಿಗೆ ಕಸ ಬಿತ್ತು ಎಂದು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಸಲಹೆಗಳ ಮಳೆ ಸುರಿದಿತ್ತು. ಮಲಗುವಾಗ ಬಿಸಿ ಹಾಲು ಕುಡಿಯಿರಿ ಎಂದು ಸಿಸ್ಟರ್. ದಿಂಬಿನ ದಿಕ್ಕು ಬದಲಿಸಿ ಎಂದು ಚಾಚಾ. ಸಂಜೆ ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದು ಸುತ್ತು ಬನ್ನಿ, ಮೈ ನೊಂದು ನಿದ್ದೆ ಬರುತ್ತದೆ ಎಂದು ಕಂಡಕ್ಟರ್. ಕಾಕಾ ಎಲ್ಲವನ್ನೂ ಮಾಡಿದರು. ಕಂಪೌಂಡರ್ ಅಲ್ಲವೇ, ಒಂದು ಔಷಧಿ ತಪ್ಪಿಸಲಿಲ್ಲ. ಆದರೆ ದಿನಾ ಬೆಳಿಗ್ಗೆ ಅವರದು ಒಂದೇ ಮಾತು, "ಇಲ್ಲ."

ಒಂದು ದಿನ ಮಾತ್ರ ಬೇರೆ ಬಂತು. "ಇವತ್ತ ಎದಿ ಮ್ಯಾಲೆ ಯಾರೋ ಕೈ ಇಟ್ಟಂಗಾತ್ರಿ. ಬಾಳ ಹಗುರ, ಬೆಚ್ಚಗ." ಎಲ್ಲರೂ ಉಸಿರು ಬಿಗಿ ಹಿಡಿದೆವು. ಮುಂದಿನ ಸಾಲು ಬಂತು. "ಕಣ್ಣು ತಗದು ನೋಡಿದೆ. ಬಾಜೂ ಮನಿ ಬೆಕ್ಕು."

ಗಿರಾಕಿ ತಾವಾಗೇ ಬರ್ತಾರ

ಸ್ವಲ್ಪ ದಿನಕ್ಕೆ ಚಾಚಾನ ವಾಯ್ಸ್ ಮೆಸೇಜ್ ಬಂತು. "ಹ್ಯಾಂಗ ಹೇಳಲಿ... ಕನಸಿನ್ಯಾಗ ಕಾಕು ನನ್ನ ಅಂಗಡಿಗೆ ಬಂದಿದ್ರು. ಸ್ಟೂಲ್ ಮ್ಯಾಲೆ ಕುಂತು, ಚಾಚಾ, ನನ್ನ ಬ್ಲೌಸ್ ಆತೇನು ಅಂದ್ರು. ನಾಳೆ ಕೊಡ್ತೀನಿ ಅಮ್ಮಾ ಅಂದೆ. ನಿಮ್ಮ ನಾಳೆ ನನಗ ಗೊತ್ತೈತಿ ಬಿಡ್ರಿ ಅಂತ ನಕ್ಕೋತ ಹೋದ್ರು."

ಕಾಕುವಿನ ಬ್ಲೌಸಿನ ಬಟ್ಟೆ ನಿಜವಾಗಿಯೂ ಚಾಚಾನ ಅಂಗಡಿಯಲ್ಲಿ ಉಳಿದಿತ್ತು. ಆದರೆ ಕಾಕಾ ಸಿಟ್ಟಾದದ್ದು ಅದಕ್ಕಲ್ಲ. "ಏನ್ರೀ ಚಾಚಾ! ಜೀವನಪೂರ್ತಿ ಸಂಸಾರ ಮಾಡಿದಾಂವ ನಾ ಇಲ್ಲಿ ಹಾಲು ಕುಡದು ಕಾಯಾಕತ್ತೀನಿ. ಆಕಿ ಲಿಂಗಸುಗೂರು ಬಿಟ್ಟು ಮಸ್ಕಿಗೆ ಯಾಕ ಬಂದ್ಲು?"

"ಖುದಾ ಕಸಂ ಸಾಬ್, ನಾ ಕರೆದಿಲ್ಲ. ಗಿರಾಕಿ ತಾವಾಗೇ ಬರ್ತಾರ."

ಕನಸಿನಲ್ಲಿ ಬಂದವರು ಉತ್ತರ ಕೊಡಬೇಕೆಂಬುದು ಕಾನೂನು. ಕಾಕು ಎಲ್ಲಿಂದ ಕೊಟ್ಟಾಳು? ಹೆಂಡತಿಯ ಪರವಾಗಿ ಗಂಡ ಮಾತಾಡಬಹುದೆಂದು ಹೆಡ್‌ಮಾಸ್ತರರು ತೀರ್ಪು ಕೊಟ್ಟರು. ಕಾಕಾ ಒಪ್ಪಿದರು. ಆದರೆ ಮೊದಲು ಒಂದು ಪ್ರಶ್ನೆ ಕೇಳಿದರು. "ನಡಿಯೂವಾಗ ಮೊಣಕಾಲು ಹಿಡ್ಕೋತಿದ್ಲೇನ್ರಿ?"

"ಇಲ್ಲ ಸಾಬ್. ಮೆಟ್ಟಲಾ ಪಟಪಟ ಇಳದು ಹೋದ್ರು."

ಆಮೇಲೆ ಕಾಕಾ ಬರೆದರು. "ಹಂಗಾದ್ರ ಆರಾಮ ಅದಾಳ. ಆಕಿ ಪರವಾಗಿ ಹೇಳ್ತೀನಿ ಕೇಳ್ರಿ. ಬ್ಲೌಸ್ ಕೇಳಾಕ ಬಂದದ್ದು ಆಕಿ ತಪ್ಪಲ್ಲ. ಹೊಲೀದಿದ್ದದ್ದು ನಿಮ್ಮ ತಪ್ಪು."

ಚಾಚಾ "ತಪ್ಪಾತ್ರಿ" ಎಂದ. ಅಂದೇ ಮಷಿನ್ನಿಗೆ ಕೂತು, ಹೊಲಿದು, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ, ಸಂಜೆ ಬಸ್ಸಿಗೆ ಕಂಡಕ್ಟರನ ಕೈಯಲ್ಲಿ ಲಿಂಗಸುಗೂರಿಗೆ ಕಳಿಸಿದ. ಕೇಳಿದ ದಿನವೇ ಚಾಚಾನಿಂದ ಬಟ್ಟೆ ಪಡೆದ ಗಿರಾಕಿ ಮಸ್ಕಿ ಸೀಮೆಯಲ್ಲೇ ಕಾಕು ಒಬ್ಬಳು.

ಪಡಸಾಲೆ ತುಂಬ ಜನ

ಅದಾದ ಮೇಲೆ ಕಾಕು ಎಲ್ಲರ ಕನಸಿಗೂ ಬರತೊಡಗಿದಳು. ಸಿಸ್ಟರ್ ಹತ್ತಿರ ಬಿ.ಪಿ. ನೋಡಿಸಿಕೊಂಡು ಹೋದಳು. ಕಂಡಕ್ಟರನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗುರುಗುಂಟಾ ತನಕ ಹೋಗಿ ಬಂದಳು. ಕಾಕಾ ಓದಿ ಓದಿ ಸೋತರು. "ಎಲ್ಲಾ ಊರು ತಿರಗ್ಯಾಳ. ನನ್ನ ಮನಿ ಹಾದಿ ಅಷ್ಟ ಮರತಾಳ" ಎಂದು ಬರೆದ ದಿನ ನನಗೆ ಈ ಗ್ರೂಪನ್ನೇ ಮುಚ್ಚಿಬಿಡಬೇಕು ಅನ್ನಿಸಿತು.

ಮುಚ್ಚುವುದರೊಳಗೆ ಕಾಕಾ ಒಂದು ಉದ್ದನೆಯ ವಾಯ್ಸ್ ಮೆಸೇಜ್ ಕಳಿಸಿದರು. ಖುಷಿಯಲ್ಲಿದ್ದಾರೋ ಸಿಟ್ಟಿನಲ್ಲಿದ್ದಾರೋ ತಿಳಿಯಲಿಲ್ಲ, ಏದುಸಿರು ಬಿಡುತ್ತಿದ್ದರು.

"ಬಂದಿದ್ಲು! ಕಡೀಗೂ ಬಂದಿದ್ಲು. ಅಡಗಿಮನ್ಯಾಗ ನಿಂತಿದ್ಲು, ಬೆಳಕ ಬೆಳಕ ಕಾಣತಿದ್ಲು. ಏನೇನೋ ಕೇಳಬೇಕು ಅಂತ ಬಾಯಿ ತಗದೆ. ಪಡಸಾಲ್ಯಾಗ ಏನೋ ಗದ್ದಲ. ತಿರುಗಿ ನೋಡ್ತೀನಿ, ನೀವ! ಎಲ್ಲಾರೂ! ಹೆಡ್‌ಮಾಸ್ತರ್ ಕಾಲ ಮ್ಯಾಲೆ ಕಾಲ ಹಾಕ್ಕೊಂಡು ಚಹಾಕ್ಕ ಸಕ್ಕರಿ ಕಮ್ಮಿ ಅನ್ನಾಕತ್ತಿದ್ರು. ಚಾಚಾ ನನ್ನ ಬಾಗಲ ಪರದೆ ಅಳತಿ ತಗೊಳ್ಳಾಕತ್ತಿದ್ದ. ಸಿಸ್ಟರ್ ಬೆಕ್ಕಿಗೆ ಸೂಜಿ ಚುಚ್ಚಾಕತ್ತಿದ್ಲು. ಕಂಡಕ್ಟರ್ ಹೊಸ್ತಿಲ ಮ್ಯಾಲೆ ನಿಂತು ಒಳಗ ಸರೀರಿ, ಒಳಗ ಸರೀರಿ ಅಂತ ಇನ್ನಷ್ಟು ಮಂದೀನ ತುಂಬಾಕತ್ತಿದ್ದ. ಅಡ್ಮಿನ್ ಅವ್ವ ಎಲ್ಲಾರನ್ನೂ ಸಾಲಾಗಿ ನಿಲ್ಲಿಸಿ ಗ್ರೂಪ್ ಫೋಟೋ ತಗಿಯಾಕತ್ತಿದ್ಲು, ಮನಿ ಯಜಮಾನಾದ ನನ್ನ ಮೂಲ್ಯಾಗ ನಿಲ್ಲಿಸಿದ್ಲು! ಆಕಿ ನಿಮಗೆಲ್ಲಾ ಚಹಾ ಸೋಸೂದ್ರಾಗ ಬೆಳಗಾತು. ನನ್ನ ಜೋಡಿ ಒಂದು ಮಾತಿಲ್ಲ!"

ಕಾನೂನು ಕಾನೂನೇ. ಒಬ್ಬರಾದ ಮೇಲೊಬ್ಬರು ಬಾಯಿಬಿಟ್ಟು ತಪ್ಪು ಒಪ್ಪಿಕೊಂಡೆವು. "ತಪ್ಪಾತು, ಸಕ್ಕರಿ ಸರಿಯಾಗೇ ಇತ್ತು" ಎಂದರು ಹೆಡ್‌ಮಾಸ್ತರರು. "ತಪ್ಪಾತ್ರೀ ಕಾಕಾ, ಮಂದಿ ಕಂಡ್ರ ನನ್ನ ಬಾಯಿ ನಿಲ್ಲೂದಿಲ್ಲ" ಎಂದ ಕಂಡಕ್ಟರ್. ನಾನೂ ತಪ್ಪಾತು ಎಂದೆ, ಹೇಳುತ್ತಾ ನಕ್ಕೆ, ನಗುತ್ತಾ ಕಣ್ಣೊರೆಸಿಕೊಂಡೆ.

ಕಾಕಾ ಕೊನೆಗೆ ಬರೆದರು. "ಕೈ ಮುಗೀತೀನಿ. ಇವತ್ತ ಒಂದು ರಾತ್ರಿ ಯಾರೂ ನನ್ನ ಕನಸಿಗೆ ಬರಬ್ಯಾಡ್ರಿ."

"ಬರೂದಿಲ್ಲ ಸಾಬ್" ಎಂದ ಚಾಚಾ. "ನನಗ ನೈಟ್ ಡ್ಯೂಟಿ ಐತಿ, ಬರಾಕ ಆಗೂದೂ ಇಲ್ಲ" ಎಂದಳು ಸಿಸ್ಟರ್. "ನಮ್ಮ ಬಸ್ ಡಿಪೋದಾಗ ಹಾಲ್ಟ್" ಎಂದ ಕಂಡಕ್ಟರ್. ಹೆಡ್‌ಮಾಸ್ತರರು ಉಂಡ ಕೂಡಲೇ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವುದಾಗಿ ಮಾತು ಕೊಟ್ಟರು. ಫೋನ್ ಸದ್ದಿಗೆ ಕಾಕಾ ಏಳಬಾರದೆಂದು ನಾನು ಗ್ರೂಪಿಗೆ ಬೀಗ ಹಾಕಿದೆ, ಅಡ್ಮಿನ್ ಬಿಟ್ಟು ಯಾರೂ ಬರೆಯದಂತೆ.

ಮರುದಿನ ಬೆಳಿಗ್ಗೆ ಶಟರ್ ಎತ್ತುತ್ತಿರುವಾಗಲೇ ಕಾಕಾನ ಫೋನ್ ಬಂತು. "ಬೀಗ ತಗಿ ಅವ್ವಾ, ಬರೀಬೇಕು!" ತಡಬಡಿಸಿ ತೆಗೆದೆ. ಎಲ್ಲ ಊರಿನವರೂ ಕಾದು ಕೂತಿದ್ದರೆಂದು ಕಾಣುತ್ತದೆ, ಎಲ್ಲರೂ ಆನ್‌ಲೈನ್. ಕಾಕಾ ಟೈಪ್ ಮಾಡುತ್ತಿದ್ದರು, ನಿಲ್ಲಿಸುತ್ತಿದ್ದರು, ಮತ್ತೆ ಮಾಡುತ್ತಿದ್ದರು. ರಸ್ತೆಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಫೋಟೋಕ್ಕೆ ಬಂದ ಒಬ್ಬ ಗಿರಾಕಿ ತಲೆ ಬಾಚಿಕೊಳ್ಳುತ್ತಾ ನಿಂತಿದ್ದ.

"ಬಂದಿದ್ಲು" ಎಂದು ಬಂತು. "ಒಬ್ಬಾಕಿನ."

ಹೆಡ್‌ಮಾಸ್ತರರಿಗೆ ತಡೆಯಲಾಗಲಿಲ್ಲ. "ಏನಂದ್ಲು? ಪೂರ್ತಿ ಹೇಳ್ರಿ!"

"ಅದು ಗ್ರೂಪಿನ್ಯಾಗ ಹೇಳೂವಂಥಾದ್ದಲ್ರಿ, ಮಾಸ್ತರ."