ಗಿಳಿಹಸಿರು ಸೀರೆ, ಆರು ಪೀಸು

ಮೊದಲ ಆರ್ಡರು ಬಂದದ್ದೇ ಲವಜಿಭಾಯಿ ಕಾಕಡಿಯಾನ ಗ್ರಹಚಾರಕ್ಕೆ ಕಾರಣವಾಯಿತು.

ಬೆಳಿಗ್ಗೆ ಏಳೂವರೆಗೆ ಕಡಲೆಹಿಟ್ಟಿನ ಗಾಂಠಿಯಾ ಮೆಲ್ಲುತ್ತ ಚಹಾ ಕುಡಿಯುತ್ತಿದ್ದಾಗ ಮೊಬೈಲು ಟಿಂಗ್ ಎಂದಿತು. ಗಿಳಿಹಸಿರು ಸೀರೆ, ಗುಲಾಬಿ ಅಂಚು, ಆರು ಪೀಸು. ಸಂಜೆ ಆರಕ್ಕೆ ಕೊರಿಯರ್‌ನವನು ಮನೆಗೇ ಬಂದು ಒಯ್ಯುತ್ತಾನೆ, ಮಾಲು ಸಿದ್ಧವಿಲ್ಲದಿದ್ದರೆ ಅಂಗಡಿ ಬಂದ್ ಎಂದು ಕೆಳಗೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆಯೂ ಇತ್ತು.

ಅಂಗಡಿ ಇದ್ದದ್ದು ಮೊಬೈಲಿನಲ್ಲಿ. ಸೀರೆ ಇದ್ದದ್ದೂ ಮೊಬೈಲಿನಲ್ಲೇ. ಮನೆಯಲ್ಲಿ ಒಂದೆಳೆ ನೂಲೂ ಇರಲಿಲ್ಲ.

ಇಪ್ಪತ್ತೊಂದು ವರ್ಷ ವರಾಛಾ ಬಡಾವಣೆಯ ಕಾರ್ಖಾನೆಯಲ್ಲಿ ವಜ್ರಕ್ಕೆ ಸಾಣೆ ಹಿಡಿದವನು ಲವಜಿಭಾಯಿ. ದೀಪಾವಳಿ ರಜೆಗೆ ಮುಚ್ಚಿದ ಕಾರ್ಖಾನೆ ರಜೆ ಮುಗಿದ ಮೇಲೂ ತೆರೆಯಲಿಲ್ಲ. ಎರಡು ತಿಂಗಳು ಉಯ್ಯಾಲೆಯ ಮೇಲೆ ಕೂತು ಕಾಲಿನಿಂದ ನೆಲ ಸವೆಸಿದ ಮೇಲೆ, ಎದುರು ಮನೆಯ ಹಿಮ್ಮತ್‌ಭಾಯಿ ಅವನ ಮೊಬೈಲು ಕಿತ್ತುಕೊಂಡು ಸೀರೆ ಅಂಗಡಿ ತೆರೆದುಕೊಟ್ಟಿದ್ದರು. ಮಾರ್ಕೆಟ್ಟಿನ ಯಾವುದೋ ಸೀರೆ ಪಟ್ಟಿಯಿಂದ ಫೋಟೋ ತೆಗೆದು ಹಾಕಿಯೂ ಇದ್ದರು.

“ಮಾಲೇ ಇಲ್ವಲ್ಲ ಹಿಮ್ಮತ್‌ಭಾಯಿ” ಎಂದು ಇವನು ಕೇಳಿದ್ದಕ್ಕೆ, “ಮೊದ್ಲು ಫೋಟೋ, ಆಮೇಲೆ ಮಾಲು. ಮದ್ವೆ ಮಾಡೋರೂ ಹಂಗೇ ತಾನೆ ಮಾಡೋದು?” ಎಂದಿದ್ದರು.

ಈಗ ಆರ್ಡರಿನ ಸುದ್ದಿ ಐದೇ ನಿಮಿಷದಲ್ಲಿ ನಾಲ್ಕು ಮಹಡಿ ಹತ್ತಿ ಇಳಿಯಿತು. ಲವಜಿಯ ಹೆಂಡತಿ ಕೈಲಾಸ್‌ಬೆನ್ ಬಂದವರಿಗೆಲ್ಲ ಚಹಾ ಸೋಸಿ ಸೋಸಿ ಸುಸ್ತಾದಳು. ಕೆಳಮನೆಯ ಮಂಜುಳಾಬೆನ್ ಬೆಲ್ಲಕ್ಕೆ ಬಂದ ಇರುವೆಯಂತೆ ಎಲ್ಲರಿಗಿಂತ ಮುಂದೆ ಬಂದಿದ್ದರು.

“ನಮ್ಮ ಮೈದುನನ ಹೆಂಡ್ತಿ ಅಣ್ಣ ಸೀರೆ ಮಾರ್ಕೆಟ್‌ನಲ್ಲೇ ಇದಾನೆ. ಹೋಲ್‌ಸೇಲ್‌ನೋರೆಲ್ಲ ಅವನ ಕೈಯಲ್ಲೇ.”

“ಏನ್ ಮಾಡ್ತಾನೆ ಮಂಜುಳಾಬೆನ್?”

“ಲಿಫ್ಟ್ ನಡೆಸ್ತಾನೆ.”

ಹಿಮ್ಮತ್‌ಭಾಯಿ ಗಂಟಲು ಸರಿಮಾಡಿಕೊಂಡರು. “ನೋಡು ಲವಜಿ, ಹೊಸಬ ಅಂತ ಮಾತ್ರ ಬಾಯಿ ಬಿಡ್ಬೇಡ. ರೇಟನ್ನಂತೂ ಮೊದ್ಲು ಕೇಳ್ಲೇಬೇಡ. ರೇಟು ಕೇಳೋನು ಗಿರಾಕಿ, ಮಾಲು ಕೇಳೋನು ವ್ಯಾಪಾರಿ. ಆಮೇಲೆ ಚಹಾ ಕುಡಿದ್ರೆ ದುಡ್ಡು ಕೊಡ್ಬೇಡ. ಮಾರೋನು ಕುಡಿಸ್ತಾನೆ, ಕೊಳ್ಳೋನು ಕುಡೀತಾನೆ. ಅದೇ ಮಾರ್ಕೆಟ್ ಮರ್ಯಾದೆ.”

ಅಷ್ಟಕ್ಕೇ ಬಿಡದೆ ತಮ್ಮ ಸಫಾರಿ ಸೂಟನ್ನೂ ತಂದು ತೊಡಿಸಿದರು. ಹಿಮ್ಮತ್‌ಭಾಯಿಯದು ಡೊಳ್ಳು ಹೊಟ್ಟೆ. ಲವಜಿ ಆ ಸೂಟಿನೊಳಗೆ ಖಾಲಿ ಡಬ್ಬದಲ್ಲಿ ಉಳಿದ ಒಂದೇ ಕಡಲೆಕಾಳಿನಂತೆ ಅಲ್ಲಾಡುತ್ತ ಬಸ್ಸು ಹತ್ತಿದ.

ರಿಂಗ್ ರೋಡಿನ ಮಾರ್ಕೆಟ್ಟಿನಲ್ಲಿ ಮಹಡಿಗೆ ನೂರು ಅಂಗಡಿ, ಎಲ್ಲವೂ ಅವಳಿ ಮಕ್ಕಳ ಹಾಗೆ. ತಲೆಯ ಮೇಲೆ ಬಟ್ಟೆಯ ದೊಡ್ಡ ದೊಡ್ಡ ಬೇಲು ಹೊತ್ತವರು “ಸರೀರಿ, ಸರೀರಿ” ಎನ್ನುತ್ತ ಇವನನ್ನು ತಳ್ಳಿಕೊಂಡು ಹೋಗಿ ಒಂದು ದೊಡ್ಡ ಅಂಗಡಿಯ ಬಾಗಿಲಿಗೆ ಬಿಟ್ಟರು.

“ಬನ್ನಿ ಸೇಠ್! ಎಲ್ಲಿಯ ಪಾರ್ಟಿ?”

“ಭಾವನಗರ” ಎಂದ ಲವಜಿ. ಸಫಾರಿ ಸೂಟು ಒಳಗಿನಿಂದ ಒತ್ತಾಯಿಸಿದ್ದಕ್ಕೋ ಏನೋ, “ಮೂರು ಶೋರೂಮು” ಎಂದೂ ಸೇರಿಸಿದ.

ಬಿಳಿ ಗಾದಿಯ ಮೇಲೆ ಕೂರಿಸಿದರು. ತಣ್ಣನೆಯ ಶರಬತ್ತು ಬಂತು. ಎಂಬತ್ತು ಸೀರೆಗಳು ಒಂದರ ಮೇಲೊಂದು ಬಿಚ್ಚಿಕೊಂಡವು. ಲವಜಿ ಪ್ರತಿಯೊಂದಕ್ಕೂ “ಹ್ಞೂಂ” ಎಂದ. ರೇಟು ಕೇಳಲಿಲ್ಲ. ಅಂಗಡಿಯವನ ಗೌರವ ಏರುತ್ತಲೇ ಹೋಯಿತು.

“ಎಷ್ಟು ಬರ್ಕೊಳ್ಳಿ ಸೇಠ್?”

“ಆರು.”

“ಆರು ಬೇಲು. ಲಾರಿಗೆ ಹೇಳೋ!”

“ಬೇಲಲ್ಲ ಭಾಯಿ... ಸೀರೆ. ಆರು ಸೀರೆ.”

ಅಂಗಡಿಯವನು ಲವಜಿಯ ಕೈಯಿಂದ ಅರ್ಧ ಕುಡಿದಿದ್ದ ಶರಬತ್ತಿನ ಲೋಟವನ್ನು ಮೆಲ್ಲಗೆ ಬಿಡಿಸಿಕೊಂಡು ಒಳಗಿಟ್ಟ.

ಮುಂದಿನ ನಾಲ್ಕು ಅಂಗಡಿಗಳಲ್ಲಿ ಮಾತು ಶರಬತ್ತಿನವರೆಗೂ ಹೋಗಲಿಲ್ಲ. ಮೂರನೇ ಮಹಡಿಯ ಮೂಲೆಯಲ್ಲಿ, ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟಿದ್ದ ಮುದಿ ಸೇಠನೊಬ್ಬನ ಕಪಾಟಿನಲ್ಲಿ ಅದೇ ಗಿಳಿಹಸಿರು, ಅದೇ ಗುಲಾಬಿ ಅಂಚು ಕಂಡಾಗ ಲವಜಿ ಸೀದಾ ಒಳಗೆ ನುಗ್ಗಿ ಅದರತ್ತ ಬೆರಳು ತೋರಿಸಿದ.

“ಹನ್ನೆರಡರ ಕಟ್ಟು. ಒಡೆಯಲ್ಲ” ಎಂದ ಸೇಠ.

“ಅರ್ಧ ಕಟ್ಟು ಕೊಡಿ ಸೇಠ್. ಆರೇ ಸಾಕು.”

“ಅರ್ಧ ಮದ್ವೆ ಆಗ್ತೀಯೇನಪ್ಪಾ? ಹೋಗು ಹೋಗು.”

ಹನ್ನೆರಡು ಕೊಳ್ಳುವಷ್ಟು ದುಡ್ಡು ಜೇಬಿನಲ್ಲಿ ಇರಲಿಲ್ಲ. ಮೆಟ್ಟಿಲಿಳಿದು ರಸ್ತೆಗೆ ಬರುವಾಗ ಎರಡೂವರೆ. ಮೊಬೈಲಿನ ಚಾರ್ಜು ಮುಗಿದು ಕಣ್ಣು ಮುಚ್ಚಿತ್ತು. ಹೊಟ್ಟೆ ಮಾತ್ರ ಎಚ್ಚರವಾಗಿತ್ತು. ಅವನು ಲೋಚೊ ತಿಂಡಿ ಮಾರುವ ಗಾಡಿಯ ಮುಂದಿನ ಬೆಂಚಿನಲ್ಲಿ ಕುಸಿದ.

ಅದೇ ಬೆಂಚಿನ ಆ ತುದಿಯಲ್ಲಿ ಒಬ್ಬಾತ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಚಿನ್ನದ ಬಣ್ಣದ ಕನ್ನಡಕ, ಕಂಕುಳಲ್ಲಿ ಚರ್ಮದ ಚೀಲ. “ಐನೂರು ಪೀಸಾ? ಅದೇನ್ ಮಹಾ. ನಾಳೆ ನೋಡೋಣ” ಎಂದು ಫೋನಿನಲ್ಲಿ ಹೇಳುತ್ತಿದ್ದ. ಲವಜಿಯ ಕಿವಿ ನೆಟ್ಟಗಾಯಿತು. ಮಿಲ್ಲಿನ ಮಾಲೀಕನೇ ಇರಬೇಕು! ದೊಡ್ಡವರಿಗೆ ಆರು ಸೀರೆ ಕೊಡುವುದು ಎಮ್ಮೆಯ ಮೈಯಿಂದ ನೊಣ ಹಾರಿದಷ್ಟೇ ಸಲೀಸು.

“ಸೀರೆ ವ್ಯವಹಾರಾನಾ?” ಎಂದ ಲವಜಿ, ಬೆಂಚಿನ ಮೇಲೆ ಜರುಗುತ್ತ.

“ಸೀರೆನೇ. ತಾವೂ ಅದೇ ಲೈನಾ?” ಆತನೂ ಇವನ ಸಫಾರಿ ನೋಡಿ ಈ ಕಡೆ ಜರುಗಿದ. “ನಾಥಾಭಾಯಿ ಧಮೇಲಿಯಾ ಅಂತ.”

“ಲವಜಿಭಾಯಿ. ದೊಡ್ಡ ಮಟ್ಟದಲ್ಲೇ ನಡೀತಿರ್ಬೇಕು ನಿಮ್ದು?”

“ದೇವರ ದಯೆ. ನಿಮ್ದೂ ಕಮ್ಮಿಯಿಲ್ಲ ಬಿಡಿ, ನೋಡಿದ್ರೇ ಗೊತ್ತಾಗತ್ತೆ.”

“ಮಾಲು ತೋರ್ಸಿ, ನೋಡೋಣ.”

“ಅಯ್ಯೋ, ಮೊದ್ಲು ತಮ್ಮದು.”

“ತಮ್ಮ ಮುಂದೆ ನಂದೇನು?”

ಹೀಗೇ ಮುಕ್ಕಾಲು ಗಂಟೆ. ಎಣ್ಣೆ, ಸೇವು ಸುರಿದ ಬಿಸಿ ಲೋಚೊ ಎರಡೆರಡು ತಟ್ಟೆ ಖಾಲಿಯಾಯಿತು. ಚಹಾ ಎರಡು ಸುತ್ತು ಮುಗಿಯಿತು. ಇಬ್ಬರೂ ರೇಟು ಕೇಳಲಿಲ್ಲ. ಆಮೇಲೆ ಇಬ್ಬರೂ ಆಕಾಶ ನೋಡುತ್ತ ಕೂತರು. ಗಾಡಿಯವನು ತಟ್ಟೆ ತೊಳೆದು, ಕೈ ಒರೆಸಿಕೊಂಡು ಬಂದು ಎದುರಿಗೆ ನಿಂತ.

“ತಿಂದಿದ್ದು ನೀವಿಬ್ರೇ ತಾನೆ? ದುಡ್ಡು ನಾನೇ ಕೊಡ್ಲಾ?”

“ಕೊಡಿ ನಾಥಾಭಾಯಿ” ಎಂದ ಲವಜಿ ಸಂಕೋಚದಿಂದ. “ಮಾರೋರು ತಾನೆ ಕುಡಿಸೋದು?”

“ಅದೇ ನಾನೂ ಕಾಯ್ತಿದೀನಿ. ಮಾರೋರು ನೀವಲ್ವಾ?”

“ನಾನಾ? ನಾನು ಕೊಳ್ಳೋಕೆ ಬಂದೋನು!”

“ನಾನೂ ಕೊಳ್ಳೋಕೇ ಬಂದಿದ್ದು!”

ಗಾಡಿಯವನು ಇಬ್ಬರ ಮುಖವನ್ನೂ ನೋಡಿ ಸೌಟು ಕೈಗೆತ್ತಿಕೊಂಡ. ಇಬ್ಬರೂ ಅವಸರವಾಗಿ ಜೇಬಿಗೆ ಕೈಹಾಕಿ ಅರ್ಧರ್ಧ ಕೊಟ್ಟರು. ನೋಟು ಎಣಿಸುವಾಗ ಲವಜಿಯ ಕಣ್ಣು ನಾಥಾಭಾಯಿಯ ಬೆರಳಿನ ಮೇಲೆ ಬಿತ್ತು. ಹೆಬ್ಬೆರಳು, ತೋರುಬೆರಳಿನ ತುದಿಯ ಚರ್ಮ ಕಪ್ಪಗೆ ದಪ್ಪಗಟ್ಟಿತ್ತು. ಲವಜಿಯ ಬೆರಳಿನ ಹಾಗೇ.

“ಯಾವ ಕಾರ್ಖಾನೆ?” ಎಂದ ಮೆಲ್ಲಗೆ.

“ಕತಾರ್‌ಗಾಮ್. ಹದಿನೆಂಟು ವರ್ಷ ಸಾಣೆ ಮುಂದೆ ಕೂತೆ. ನೀವು?”

“ವರಾಛಾ. ಇಪ್ಪತ್ತೊಂದು.” ಲವಜಿ ಕೇಳಿದ, “ಮತ್ತೆ ಫೋನಲ್ಲಿ ಐನೂರು ಪೀಸು ಅಂತಿದ್ರಲ್ಲ?”

“ಆ ಕಡೆ ಯಾರೂ ಇರ್ಲಿಲ್ಲ. ಹಂಗೆ ಮಾತಾಡ್ತಿರು ಅಂತ ಪಕ್ಕದ್ಮನೆಯೋರು ಹೇಳ್ಕೊಟ್ಟಿದ್ರು.”

ಇಬ್ಬರಿಗೂ ಒಟ್ಟಿಗೇ ನಗು ಬಂತು. ಬೆಂಚು ಅಲ್ಲಾಡುವಷ್ಟು ನಕ್ಕರು. ನಾಥಾಭಾಯಿಯ ಕಥೆಯೂ ಇದೇ. ಅಂಗಡಿ ಶುರುಮಾಡಲು ಐದಾರು ಸೀರೆ ಸಾಕಿತ್ತು, ಬಿಡಿಯಾಗಿ ಕೊಡುವವರಿರಲಿಲ್ಲ. ಮೂರನೇ ಮಹಡಿಯ ಕನ್ನಡಕದ ಸೇಠ ಅವನನ್ನೂ ಓಡಿಸಿದ್ದ.

“ನಿಮ್ದು ಆರು, ನಮ್ದು ಆರು” ಎಂದು ಲವಜಿ ಎದ್ದೇಬಿಟ್ಟ. “ಎಷ್ಟಾಯ್ತು?”

ಸೇಠ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದ, ಕಟ್ಟು ಇಳಿಸಿದ, ದುಡ್ಡು ಎಣಿಸಿಕೊಂಡ. ಕೊನೆಯ ಸಂಬಳದಲ್ಲಿ ಉಳಿದದ್ದಷ್ಟೂ ಲವಜಿಯ ಜೇಬಿನಿಂದ ಹೋಯಿತು. ಅಂಗಡಿಯ ಬಾಗಿಲಲ್ಲೇ ಕುಕ್ಕರುಗಾಲಿನಲ್ಲಿ ಕೂತು ಇಬ್ಬರೂ ಸೀರೆ ಹಂಚಿಕೊಂಡರು. ನಂಬರು ಬರೆದುಕೊಂಡು ಬೇರೆ ಬೇರೆ ಬಸ್ಸು ಹಿಡಿದರು.

ಆರಕ್ಕೆ ಹತ್ತು ನಿಮಿಷವಿದ್ದಾಗ ಲವಜಿ ಗಂಟು ಹೊತ್ತು ಮೆಟ್ಟಿಲು ಹತ್ತಿದ. ಬೆವರಿಗೆ ಸಫಾರಿ ಸೂಟು ಮೊದಲ ಬಾರಿಗೆ ಮೈಗೆ ಅಂಟಿಕೊಂಡಿತ್ತು. ಅವನ ಮನೆಯ ಉಯ್ಯಾಲೆಯ ಮೇಲೆ ಹಿಮ್ಮತ್‌ಭಾಯಿ ನಿಧಾನವಾಗಿ ತೂಗಿಕೊಳ್ಳುತ್ತಿದ್ದರು.

“ಯಾಕೋ ಇಷ್ಟು ಆತುರ?”

“ಕೊರಿಯರ್‌ನೋನು ಬರೋ ಹೊತ್ತು!”

“ಬರಲ್ಲ ಬಿಡು. ಮಧ್ಯಾಹ್ನವೇ ಆರ್ಡರು ರದ್ದು ಮಾಡ್ದೆ. ನಿನ್ನ ಫೋನು ಹತ್ತಲಿಲ್ಲ.”

“ನೀವು... ರದ್ದು ಮಾಡಿದ್ರಾ?”

“ಹಾಕಿದ್ದೂ ನಾನೇ ಅಲ್ವೇನೋ! ಬೋಣಿ ಶುಭವಾದ ಕೈಯಿಂದ ಆಗ್ಲಿ ಅಂತ ನಮ್ಮ ಭಾವಮೈದುನನ ಫೋನಿಂದ ಹಾಕಿಸ್ದೆ. ಒಂದು ಹಾಕಿದ್ರೆ ನೀನು ಉಯ್ಯಾಲೆ ಬಿಟ್ಟು ಏಳ್ತಿರ್ಲಿಲ್ಲ, ಅದಕ್ಕೇ ಆರು. ನಂಗ್ಯಾಕೆ ಆರು ಸೀರೆ, ನೀನು ಹೊರಟ್ಮೇಲೆ ರದ್ದು. ಈಗ ಮಾರ್ಕೆಟ್ ಪರಿಚಯ ಆಯ್ತೋ ಇಲ್ವೋ?”

ಲವಜಿ ಬಾಯಿ ತೆರೆದ. ಹಿಮ್ಮತ್‌ಭಾಯಿಯ ಸೂಟಿನಲ್ಲೇ ನಿಂತು ಹಿಮ್ಮತ್‌ಭಾಯಿಯನ್ನೇ ಬೈಯುವುದು ಹೇಗೆಂದು ತೋಚಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಕಾಲು ನೋಯುತ್ತಿತ್ತು. ಆ ನೋವು ಯಾಕೋ ಹಿತವಾಗಿತ್ತು. ಗಂಟನ್ನು ಇಳಿಸಿ ನೆಲದ ಮೇಲೆ ಕೂತ.

ಅಷ್ಟರಲ್ಲಿ ಕೈಲಾಸ್‌ಬೆನ್ ಗಂಟು ಬಿಚ್ಚಿಯಾಗಿತ್ತು. ಗಿಳಿಹಸಿರು ಸೆರಗನ್ನು ಹೆಗಲಿಗೆ ಹಾಕಿ ಕನ್ನಡಿಯ ಮುಂದೆ ನಿಂತಿದ್ದಳು. ವಜ್ರದ ಮುಖ ನೋಡಿ ಪಳಗಿದ ಕಣ್ಣಿನಿಂದ ಲವಜಿ ಅವಳನ್ನು ಒಂದು ಗಳಿಗೆ ನೋಡಿದ.

“ಇದೊಂದು ಮಾರ್ಬೇಡಿ” ಎಂದಳು ಅವಳು, ತಿರುಗದೆ.

“ನಂಗೂ ಒಂದು ಬೇಕಿತ್ತು” ಎಂದರು ಮಂಜುಳಾಬೆನ್ ಬಾಗಿಲಿನಿಂದಲೇ. “ಪಕ್ಕದ್ಮನೆ ರೇಟಿಗೆ.”

“ಪಕ್ಕದ್ಮನೆ ರೇಟು ಅಂದ್ರೆ ಎಷ್ಟು?”

“ಮುಂದಿನ ದೀಪಾವಳಿಗೆ ಕೊಡ್ತೀನಿ.”

ಕೊಡುವುದಿಲ್ಲವೆಂದು ಅವರನ್ನು ಸಾಗಹಾಕಿ, ಮೊಬೈಲನ್ನು ಚಾರ್ಜಿಗೆ ಹಾಕಿದ ಕೂಡಲೇ ಅದು ರಿಂಗಣಿಸಿತು. ನಾಥಾಭಾಯಿ.

“ಲವಜಿಭಾಯಿ, ಕೊರಿಯರ್ ಬಂತಾ?”

ಲವಜಿ ನಡೆದದ್ದನ್ನೆಲ್ಲ ಹೇಳಿದ.

“ಹಂಗಾದ್ರೆ ಆರೂ ನಿಮ್ಮ ಹತ್ರಾನೇ ಉಳೀತಾ?”

“ಐದು” ಎಂದ ಲವಜಿ, ಕನ್ನಡಿಯ ಕಡೆ ನೋಡುತ್ತ. “ನಿಮ್ಮಲ್ಲಿ?”

“ನಾಲ್ಕು” ಎಂದ ನಾಥಾಭಾಯಿ. “ಹೆಂಡ್ತಿ ಒಂದು ತಗೊಂಡ್ಲು, ನಮ್ಮಮ್ಮನೂ ಒಂದು ಎತ್ತಿಟ್ಕೊಂಡ್ರು.”