ಸಂಡಿಗೆ ಕಾಯುವ ಸೆನ್ಸರ್

ಸೆನ್ಸರ್ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಕ್ಕಿನ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತನಾದವನು ನಾನು. ಬಿಸಿ ಅಳೆಯುವ ಸೆನ್ಸರ್, ಒತ್ತಡ ಅಳೆಯುವ ಸೆನ್ಸರ್, ಹೊಗೆ ಹಿಡಿಯುವ ಸೆನ್ಸರ್, ಎಲ್ಲವೂ ನನ್ನ ಕೈ ದಾಟಿಯೇ ಹೋಗಿವೆ. ಡಬ್ಬಿ ಬಿಚ್ಚಿ ನೋಡಿದವನಲ್ಲ, ಅಷ್ಟೇ! ಚೀಟಿ ನೋಡಿ ಡಬ್ಬಿ ಕೊಡುವುದು ನನ್ನ ಕೆಲಸವಾಗಿತ್ತು.

ನಮ್ಮ ಮನೆ ಇರುವುದು ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಅನಂತಶಯನಗುಡಿಯಲ್ಲಿ. ಬೇಸಿಗೆ ಬಂತೆಂದರೆ ಹಂಪಿಗೆ ಪ್ರವಾಸಿಗರು ಕಡಿಮೆ. ಆಗ ಅಲ್ಲಿನ ಕೋತಿಗಳೇ ಪ್ರವಾಸಕ್ಕೆಂದು ನಮ್ಮ ಓಣಿಗೆ ಬರುತ್ತವೆ. ಈ ಸಲ ಅವು ಬಂದದ್ದು ಬಹಳ ಕೆಟ್ಟ ಹೊತ್ತಿನಲ್ಲಿ. ಕಂಪ್ಲಿಯಲ್ಲಿ ನನ್ನ ಹೆಂಡತಿ ಗಿರಿಜಾಳ ಅಕ್ಕನ ಮಗಳ ಮದುವೆ ಇನ್ನು ಹತ್ತೇ ದಿನವಿತ್ತು. ಮದುವೆ ಊಟದ ಅಕ್ಕಿ ಸಂಡಿಗೆಯೆಲ್ಲ ತನ್ನದೇ ಎಂದು ಗಿರಿಜಾ ಬೀಗರ ಮುಂದೆ ಒಪ್ಪಿಕೊಂಡು ಬಂದಿದ್ದಳು. ಮಾತು ತಪ್ಪಿದರೆ ಅಕ್ಕನ ಎದುರು ತಲೆ ಎತ್ತುವ ಹಾಗಿರಲಿಲ್ಲ.

“ಸಂಡಿಗಿ ಒಣಗೂ ತನಕ ನೀವು ಮಾಳಿಗಿ ಮ್ಯಾಲ ಕೋಲು ಹಿಡಕೊಂಡು ಕುಂದ್ರಬೇಕು ನೋಡ್ರಿ” ಎಂದಳು.

“ನಾ ಯಾಕ ಕುಂದ್ರಬೇಕು? ಕಾಲ ಎಲ್ಲಿಗೆ ಹೋಗೈತಿ! ಸೆನ್ಸರ್ ಹಾಕತೀನಿ.”

“ಅದು ಕೋಲು ಹಿಡೀತೈತೇನ್ರಿ?”

ಈ ಅಜ್ಞಾನಕ್ಕೆ ನಾನು ಕರುಣೆಯಿಂದ ನಕ್ಕೆ. ನಾಲ್ಕನೆಯ ದಿನ ಡಬ್ಬಿ ಬಂತು. ಎದುರಿಗೆ ಯಾವುದಾದರೂ ಜೀವ ಸುಳಿದರೆ ಸಾಕು, ಅದರ ಮೈಬಿಸಿಯನ್ನು ಗುರುತು ಹಿಡಿದು, ನಾವು ತುಂಬಿಟ್ಟ ಮಾತನ್ನು ಓಣಿಗೆಲ್ಲ ಕೇಳುವಂತೆ ಕೂಗುತ್ತದೆ. ಮೊಬೈಲಿಗೂ ಸುದ್ದಿ ಕಳಿಸುತ್ತದೆ. ಯಾರ ದನಿ ತುಂಬುವುದು ಎಂಬ ಪ್ರಶ್ನೆ ಬಂದಾಗ, “ನಿನ್ನ ದನೀನ ಇರಲಿ. ಮೂವತ್ತೊಂದು ವರ್ಷದಿಂದ ಅದರ ಪರಿಣಾಮ ನೋಡೀನಿ” ಎಂದೆ. ಗಿರಿಜಾ ನೋಡಿದ ನೋಟಕ್ಕೆ ನನ್ನ ದನಿಯನ್ನೇ ತುಂಬಿದೆ.

“ಯಾವನಲೇ ಅವ? ಇಳಿಯಲೇ ಕೆಳಗ!”

ಗಂಭೀರವಾಗಿ, ಸಾಕ್ಷಾತ್ ಪೊಲೀಸರಂತೆ ಬಂತು. ಜೊತೆಗಿದ್ದ ಸೂಚನಾ ಪುಸ್ತಕವನ್ನು ಓದಲಿಲ್ಲ. ನನ್ನ ಅನುಭವಕ್ಕೆ ಪುಸ್ತಕವೇ! ಡಬ್ಬಿಯನ್ನು ಮಾಳಿಗೆಯ ಡಿಶ್ ಕಂಬಕ್ಕೆ ಹಗ್ಗದಲ್ಲಿ ಕಟ್ಟಿದೆ. ಸ್ಕ್ರೂ ಹಾಕ್ರಿ ಎಂದಳು ಗಿರಿಜಾ. ಅದನ್ನೂ ಕೇಳಲಿಲ್ಲ.

ಮರುದಿನ ಬೆಳಗಿನ ಆರಕ್ಕೆ ಪಕ್ಕದ ಮನೆಯ ಹುಲಿಗೆಮ್ಮ ಸಂಡಿಗೆ ಇಡಲು ಸಹಾಯಕ್ಕೆಂದು ಬಂದಳು. ಮಾಳಿಗೆಯ ಕೊನೆಯ ಮೆಟ್ಟಿಲಿಗೆ ಕಾಲಿಟ್ಟಿದ್ದೇ ತಡ, “ಯಾವನಲೇ ಅವ? ಇಳಿಯಲೇ ಕೆಳಗ!”

ಹುಲಿಗೆಮ್ಮ ಅಲ್ಲೇ ನಿಂತಳು. “ಏನಣ್ಣಾ, ನಾ ಏನ್ ಕಳವು ಮಾಡಾಕ ಬಂದೀನೇನು?”

“ನಾನಲ್ಲವಾ, ಅದು ಸೆನ್ಸರ್!”

“ದನಿ ನಿಂದಾ ಐತಲ್ಲೋ!”

ಆಕೆಯನ್ನು ಸಮಾಧಾನ ಮಾಡುತ್ತಿರುವಾಗಲೇ ಗಿರಿಜಾ ಬಿಸಿ ಹಿಟ್ಟಿನ ಪಾತ್ರೆ ಹಿಡಿದು ಮೇಲೆ ಬಂದಳು. “ಯಾವನಲೇ ಅವ? ಇಳಿಯಲೇ ಕೆಳಗ!” ಮದುವೆಯಾದಾಗಿನಿಂದ ನಾನು ಅವಳಿಗೆ ಒಮ್ಮೆಯೂ ‘ಲೇ’ ಎಂದವನಲ್ಲ. ಧೈರ್ಯ ಇರಲಿಲ್ಲ. ಸುಳ್ಳೇಕೆ ಹೇಳಲಿ, ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು! ಆದರೆ ಅಂದು ನನಗೆ ಬೆಳಗಿನ ಚಹಾ ಸಿಗಲಿಲ್ಲ.

ಒಂಬತ್ತರ ಹೊತ್ತಿಗೆ ನನ್ನ ಹಳೆಯ ಪಂಚೆಗಳ ಮೇಲೆಲ್ಲ ಸಂಡಿಗೆ ಹರಡಿತ್ತು. ಹೆಂಗಸರಿಬ್ಬರೂ ಸೊಂಟ ಹಿಡಿದುಕೊಂಡು ಇಳಿದರು. ಅಲ್ಲಿಯವರೆಗೆ ಆರಿಸಿಟ್ಟಿದ್ದ ಡಬ್ಬಿಯನ್ನು ಮತ್ತೆ ಹಚ್ಚಿ ನಾನೂ ಇಳಿದೆ. ಹತ್ತಕ್ಕೆಲ್ಲ ಬಿಸಿಲು ಚುರುಗುಟ್ಟತೊಡಗಿತು. ಹನ್ನೆರಡಾದರೂ ಡಬ್ಬಿ ತುಟಿಪಿಟಕ್ಕೆನ್ನಲಿಲ್ಲ. ಮೊಬೈಲಿನಲ್ಲಿ ಮಾತ್ರ ಅರ್ಧ ಗಂಟೆಗೊಮ್ಮೆ, “ಯಾವುದೇ ಚಲನೆ ಇಲ್ಲ.”

“ನೋಡು, ಬೆಳಗ್ಗೆ ಎರಡು ಸಲ ಕೂಗಿದ್ದಕ್ಕ ಹೆದರಿ ಹಂಪಿಗೆ ವಾಪಸ್ ಹೋಗ್ಯಾವು” ಎಂದು ಗಿರಿಜಾಳಿಗೆ ತೋರಿಸಿದೆ.

“ಒಮ್ಮೆ ಮ್ಯಾಲ ಹೋಗಿ ನೋಡಿ ಬರ್ರಿ.”

“ಹತ್ತಿ ನೋಡಾದಾದ್ರ ಸೆನ್ಸರ್ ಯಾಕ ಬೇಕಿತ್ತು? ತಂತ್ರಜ್ಞಾನದ ಮ್ಯಾಲ ನಂಬಿಕಿ ಇಡು” ಎಂದು ಕೂಲರ್ ಮುಂದೆ ಕಾಲು ಚಾಚಿದೆ.

ಎರಡು ಗಂಟೆಗೆ ಬೀದಿಯಿಂದ ಹುಲಿಗೆಮ್ಮನ ಕೂಗು ಕೇಳಿತು. “ಅಣ್ಣಾ! ನಿಮ್ಮ ಮಾಳಿಗಿ ಮ್ಯಾಲ ಮದುವಿ ಊಟ ನಡದೈತಿ, ಜಲ್ದಿ ಬಾ!”

ಬರಿಗಾಲಲ್ಲಿ ಓಡಿದೆ. ಒಂದಲ್ಲ, ಎರಡಲ್ಲ, ಹದಿನಾಲ್ಕು ಕೋತಿಗಳು! ಪಂಕ್ತಿಯಲ್ಲಿ ಕೂತಿದ್ದವು. ತಾಯಿಯೊಂದು ಮರಿಗೆ ತುತ್ತು ಮಾಡಿ ತಿನ್ನಿಸುತ್ತಿತ್ತು. ಕೈಯಲ್ಲಿದ್ದ ಮೊಬೈಲು ಟಿಂಗ್ ಎಂದಿತು. “ಯಾವುದೇ ಚಲನೆ ಇಲ್ಲ.”

ನಾನು “ಹುಶ್!” ಎಂದಾಗ ಎಲ್ಲವೂ ಓಡಿದವು. ಓಡುವಾಗ ಒಂದು ಗಡವ ಕೋತಿ ನನ್ನ ಹಗ್ಗದ ಗಂಟನ್ನು ನನಗಿಂತ ಸಲೀಸಾಗಿ ಬಿಚ್ಚಿ, ಡಬ್ಬಿಯೊಂದಿಗೆ ಮನೆ ಪಕ್ಕದ ಬೇವಿನ ಮರ ಸೇರಿತು. ನೆರಳಿಗೆ ಹೋದದ್ದೇ ತಡ, ಬಿಸಿಲೇರಿದಾಗಿನಿಂದ ಮೂಕವಾಗಿದ್ದ ಡಬ್ಬಿಗೆ ಜೀವ ಬಂತು. ಉರಿಯುವ ಮಾಳಿಗೆಯ ಮೇಲೆ ಕುಣಿಯುತ್ತಿದ್ದ ನನ್ನನ್ನು ನೋಡುತ್ತ ಕೋತಿ ಕೊಂಬೆಯ ಮೇಲೆ ಕೂತಿತ್ತು. ಡಬ್ಬಿ ಗುಡುಗಿತು.

“ಯಾವನಲೇ ಅವ? ಇಳಿಯಲೇ ಕೆಳಗ!”

ನಾನು ಇಳಿದೆ.

ಗಿರಿಜಾ ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, “ಅಕ್ಕಗ ಏನ್ ಹೇಳ್ಲಿ ನಾನು?” ಎಂದಳು. ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಆ ಸಂಜೆ ಸೂಚನಾ ಪುಸ್ತಕ ತೆರೆದೆ. ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿತ್ತು: ಸುತ್ತಲಿನ ಬಿಸಿ ಮೈಬಿಸಿಗೆ ಸಮನಾದರೆ ಈ ಉಪಕರಣಕ್ಕೆ ಜೀವಿಗಳ ಗುರುತು ಹತ್ತದು. ಏಪ್ರಿಲ್ ತಿಂಗಳ ನಮ್ಮ ಹೊಸಪೇಟೆಯಲ್ಲಿ ಗೋಡೆ, ನೀರಿನ ಟ್ಯಾಂಕು, ಕೋತಿ, ನಾನು, ಎಲ್ಲರದ್ದೂ ಒಂದೇ ಬಿಸಿ! ಪಾಪ, ಅದು ಯಾರನ್ನೆಂದು ಗುರುತಿಸೀತು? ಕಂಪನಿಗೆ ಫೋನ್ ಮಾಡಿ ರೇಗಿದೆ. ಆ ಕಡೆಯ ಹುಡುಗಿ ವಿನಯದಿಂದ, “ಸರ್, ತಂಪಾದ ಜಾಗದಲ್ಲಿ ಇಡಿ” ಎಂದಳು.

“ತಾಯೀ, ನಮ್ಮೂರಾಗ ತಂಪಾದ ಜಾಗ ಅಂದ್ರ ಫ್ರಿಜ್ ಒಂದ!”

ಮತ್ತೆ ಅಕ್ಕಿ ನೆನೆಯಿತು, ಮತ್ತೆ ಹಿಟ್ಟು ಕುದಿಯಿತು. ಮೂರು ದಿನ ನಾನು ಛತ್ರಿ ಬಿಡಿಸಿ, ಕೋಲು ಹಿಡಿದು, ಮಾಳಿಗೆಯ ಮೇಲೆ ಕೂತೆ. ಒಂದು ಕೋತಿಯೂ ಹತ್ತಿರ ಸುಳಿಯಲಿಲ್ಲ. ಮೂರನೆಯ ಸಂಜೆ ಗಿರಿಜಾ ಸಂಡಿಗೆ ಬಿಡಿಸಿಕೊಳ್ಳಲು ಬಂದಳು. ಡಬ್ಬಗಳು ತುಂಬಿದವು. “ಸಾಕಾಗತೈತಿ ಬಿಡ್ರಿ, ಮರ್ಯಾದಿ ಉಳೀತು” ಎಂದು ಮೊದಲ ಸಲ ನಕ್ಕಳು. ಆಮೇಲೆ ನಾನು ಕೂತಿದ್ದ ಕಡೆಯ ಪಂಚೆಯನ್ನೇ ದಿಟ್ಟಿಸಿದಳು. ಅದರ ಒಂದು ಮೂಲೆ ಪೂರ್ತಿ ಖಾಲಿ.

“ಮಂಗ್ಯಾ ಬಂದಿದ್ವೇನ್ರಿ?”

“ಛೇ! ನಾ ಇರೂ ತನಕ ಬರ್ತಾವೇನು?”

“ಮತ್ತ ಈ ಮೂಲಿ?”

ಅರ್ಧ ಒಣಗಿದ ಸಂಡಿಗೆ ತಿಂದವರಿಗೇ ಗೊತ್ತು. ಮೇಲೆ ಗಟ್ಟಿ, ಒಳಗೆ ಮೆತ್ತಗೆ, ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ. ಅದರ ಪಕ್ಕ ಮೂರು ದಿನ ಕೈಕಟ್ಟಿ ಕೂರುವುದು ನನ್ನಿಂದಾಗುವ ಮಾತೇ? ಅವಳು ನನ್ನ ಮೀಸೆಯನ್ನು ನೋಡುತ್ತಿದ್ದಳು. ಅಲ್ಲೊಂದು ಚೂರು ಅಂಟಿತ್ತಂತೆ.

ಗಿರಿಜಾ ಗೋಡೆಯ ಬಳಿ ಹೋಗಿ ಪಕ್ಕದ ಮನೆಗೆ ಕೇಳುವಂತೆ ಕೂಗಿದಳು. “ಹುಲಿಗೆಮ್ಮಕ್ಕಾ, ಬೇವಿನ ಗಿಡದಾಗ ಸಿಕ್ಕೊಂಡಿರೋ ಆ ಡಬ್ಬಿ ಇಳಸಾಕ ಯಾರನ್ನಾರ ಕಳಸವಾ.”

“ಯಾಕಬೇ, ಮತ್ತ ಮಂಗ್ಯಾ ಕಾಯಾಕೇನು?”

“ಅಲ್ಲವಾ, ನಮ್ಮ ಮನಿಯವರನ್ನ ಕಾಯಾಕ!”